ಶಿವಮೊಗ್ಗದ ಸಂಗೀತ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಗೆ,
ಶಿವಮೊಗ್ಗ ಜಿಲ್ಲೆಯಲ್ಲಿ ಟಿಕೆಟ್ ಇಟ್ಟು ಸಂಗೀತ ಕಾರ್ಯಕ್ರಮಗಳನ್ನು ನಡೆಸುವ ಸಂಘ ಸಂಸ್ಥೆಗಳು ಹಾಗೂ ಇವೆಂಟ್ ಕಂಪನಿಗಳ ಮುಖ್ಯಸ್ಥರಿಗೆ

ವಿಷಯ: ಕಲಾವಿದರ ಭೇಟಿಯ ಹೆಸರಿನಲ್ಲಿ ಮಾರುತ್ತಿರುವ ಪಾಸ್‌ಗಳ ಕುರಿತು

ಮಾನ್ಯರೇ,

ಈಚಿನ ವರ್ಷಗಳಲ್ಲಿ ನಮ್ಮ ಊರಿನ ಸಂಗೀತ ಕಾರ್ಯಕ್ರಮಗಳ ಪ್ರಕಟಣೆಯಲ್ಲಿ ಸಾಮಾನ್ಯ ಟಿಕೆಟ್‌ನ ದರದ ಕೆಳಗೆ ಇನ್ನೊಂದು ದರವೂ ಕಾಣಿಸಿಕೊಳ್ಳತೊಡಗಿದೆ. ‘ಮೀಟ್ ಆ್ಯಂಡ್ ಗ್ರೀಟ್’ ಎಂದೋ ‘ವಿಐಪಿ ಪಾಸ್’ ಎಂದೋ ಅದನ್ನು ಕರೆಯಲಾಗುತ್ತಿದ್ದು, ಟಿಕೆಟ್‌ನ ನಾಲ್ಕೈದು ಪಟ್ಟು ಹಣ ಕೊಟ್ಟವರು ಕಾರ್ಯಕ್ರಮದ ನಂತರ ಕಲಾವಿದರನ್ನು ಹತ್ತಿರದಿಂದ ಭೇಟಿಯಾಗಬಹುದು ಎಂಬ ಭರವಸೆ ಅದರಲ್ಲಿರುತ್ತದೆ. ನಾನು ಇದೇ ನಗರದಲ್ಲಿ ಮಕ್ಕಳಿಗೆ ಪಿಟೀಲು ಪಾಠ ಹೇಳಿಕೊಡುವವಳು. ಈ ಪಾಸ್ ಕೊಳ್ಳುವುದು ಸಾರ್ಥಕವೇ ಎಂದು ನನ್ನ ವಿದ್ಯಾರ್ಥಿಗಳ ತಂದೆತಾಯಂದಿರು ಮೇಲಿಂದ ಮೇಲೆ ಕೇಳುತ್ತಾರೆ. ಅವರಿಗೆ ಕೊಡುತ್ತಿರುವ ಉತ್ತರವನ್ನೇ ನಿಮ್ಮ ಮುಂದೆಯೂ ಇಟ್ಟು, ಅದರ ಕಾರಣಗಳನ್ನು ವಿವರಿಸಿ, ಕೆಲವು ಬದಲಾವಣೆಗಳನ್ನು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಶಾಸ್ತ್ರೀಯ ಸಂಗೀತದಲ್ಲಿ ಪಳಗಿ ಈಗ ಫ್ಯೂಷನ್ ತಂಡವನ್ನೂ ಕಟ್ಟಿಕೊಂಡಿರುವ ಪಿಟೀಲು ವಾದಕರೊಬ್ಬರ ಕಛೇರಿ ನಗರದ ಸಭಾಂಗಣವೊಂದರಲ್ಲಿ ಏರ್ಪಾಡಾಗಿತ್ತು. ಟಿಕೆಟ್‌ಗೆ ₹450, ಭೇಟಿಯೂ ಸೇರಿದ ಪಾಸ್‌ಗೆ ₹2,000. ಪ್ರಕಟಣೆಯಲ್ಲಿ ‘ನಿಮ್ಮ ನೆಚ್ಚಿನ ಕಲಾವಿದರೊಂದಿಗೆ ಆಪ್ತ ಸಂವಾದ’ ಎಂದು ದಪ್ಪ ಅಕ್ಷರಗಳಲ್ಲಿತ್ತು. ತೀರ್ಥಹಳ್ಳಿ ಕಡೆಯಿಂದ ನನ್ನಲ್ಲಿಗೆ ಪಾಠಕ್ಕೆ ಬರುವ ಹದಿಹರೆಯದ ಹುಡುಗಿಯೊಬ್ಬಳಿಗೆ ಅವಳ ತಾಯಿ ಆ ಪಾಸ್ ಕೊಡಿಸಿದರು. ಅದು ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಕುಳಿತು ಅಡಿಕೆ ಸುಲಿದು ಕೂಡಿಟ್ಟ ಹಣ. ಫೋನಿನಲ್ಲಿ ಬುಕ್ ಮಾಡುವಾಗ ಕೊನೆಯ ಹಂತದವರೆಗೂ ₹2,000 ಎಂದೇ ತೋರಿಸಿ, ಹಣ ಪಾವತಿಸುವ ಪರದೆಯಲ್ಲಿ ತೆರಿಗೆಯನ್ನೂ ಬುಕಿಂಗ್ ಶುಲ್ಕವನ್ನೂ ಸೇರಿಸಿದ್ದರಿಂದ ಮೊತ್ತ ₹2,400 ದಾಟಿತು. ‘ಕೆಲವೇ ಪಾಸ್‌ಗಳು ಉಳಿದಿವೆ’ ಎಂಬ ಕೆಂಪಕ್ಷರದ ಸೂಚನೆ ಪಕ್ಕದಲ್ಲಿ ಮಿನುಗುತ್ತಲೇ ಇತ್ತು. ಕಾರ್ಯಕ್ರಮದ ದಿನ ಬೆಳಿಗ್ಗೆಯೂ ಅದೇ ಸೂಚನೆ ಹಾಗೆಯೇ ಇತ್ತು.

ಅಪ್ರಾಪ್ತ ವಯಸ್ಸಿನವರ ಜೊತೆಗೆ ಹಿರಿಯರೊಬ್ಬರಿಗೆ ಅವಕಾಶವಿದ್ದುದರಿಂದ ಕಛೇರಿ ಮುಗಿದ ಮೇಲೆ ನಾನೂ ಅವಳೊಂದಿಗೆ ಸಾಲಿನಲ್ಲಿ ನಿಂತೆ. ವೇದಿಕೆಯ ಹಿಂದಿನ ಓಣಿಯಲ್ಲಿ ಹಗ್ಗ ಕಟ್ಟಿ, ಕೈಪಟ್ಟಿ ನೋಡಿ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಆ ಹುಡುಗಿ ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ನಿಧಾನ ಗತಿಯಲ್ಲಿ ರಾಗದ ಆಲಾಪನೆ ನುಡಿಸುವಾಗ ಕಮಾನು ತುದಿ ಮುಟ್ಟಿ ತಿರುಗುವ ಜಾಗದಲ್ಲಿ ಅವಳ ನಾದ ಕಡಿಯುತ್ತದೆ. ಆ ಸಂಜೆ ತೋಡಿ ರಾಗವನ್ನು ಕೇಳುತ್ತಿದ್ದಾಗ ಕಮಾನು ಎಲ್ಲಿ ತಿರುಗಿತೆಂದೇ ಅವಳಿಗೆ ತಿಳಿಯಲಿಲ್ಲ. ತೋರುಬೆರಳಿನ ಒತ್ತಡ ಸಡಿಲಿಸುತ್ತಾರೋ, ಮಣಿಕಟ್ಟಿನಲ್ಲಿ ಏನಾದರೂ ಮಾಡುತ್ತಾರೋ ಎಂಬುದಷ್ಟೇ ಅವಳು ಕೇಳಬೇಕೆಂದಿದ್ದದ್ದು. ನಾನು ಹೇಳಿಕೊಟ್ಟಿದ್ದೇನೆ, ನಿಜ. ಆದರೆ ಅಷ್ಟು ದೊಡ್ಡ ಕಲಾವಿದರ ಕೈಯನ್ನು ಹತ್ತಿರದಿಂದ ಒಮ್ಮೆ ನೋಡುವುದು ನಾನು ಹತ್ತು ಸಲ ಹೇಳುವುದಕ್ಕಿಂತ ಹೆಚ್ಚು ಕಲಿಸುತ್ತದೆಂದು ನನಗೂ ಗೊತ್ತು.

ಅವಳ ಸರದಿ ಬಂದಾಗ ಆ ಕಲಾವಿದರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಅವಳ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿ ಅವರೇ, “ಏನಮ್ಮಾ, ಪಿಟೀಲು ಕಲೀತಿದ್ದೀಯಾ?” ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸುವಷ್ಟರಲ್ಲಿ ಛಾಯಾಗ್ರಾಹಕರು ಕ್ಯಾಮೆರಾ ಕಡೆ ನೋಡಲು ಹೇಳಿದರು, ಫ್ಲ್ಯಾಶ್ ಬೆಳಗಿತು. “ಪ್ರಶ್ನೆ ಎಲ್ಲ ಬೇಡಮ್ಮ, ಫೋಟೊ ಮಾತ್ರ. ಮುಂದೆ ಹೋಗಿ, ಹಿಂದೆ ಜನ ಕಾಯ್ತಿದಾರೆ” ಎಂದು ಸ್ವಯಂಸೇವಕರೊಬ್ಬರು ಅವಳ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದರು. ಕಲಾವಿದರು ಇನ್ನೂ ಉತ್ತರಕ್ಕಾಗಿ ಅವಳತ್ತಲೇ ನೋಡುತ್ತಿದ್ದರು. ಎರಡು ದಿನಗಳ ನಂತರ ವಾಟ್ಸ್‌ಆ್ಯಪ್‌ಗೆ ಬಂದ ಆ ಚಿತ್ರದ ಕೆಳಗಿನ ಕಾಲು ಭಾಗವನ್ನು ಪ್ರಾಯೋಜಕರ ಲಾಂಛನಗಳು ಆವರಿಸಿಕೊಂಡಿದ್ದವು.

ಇದು ಆ ಸ್ವಯಂಸೇವಕರ ಒರಟುತನದಿಂದ ಆದ ತೊಂದರೆಯೆಂದು ನಾನು ಭಾವಿಸಿಲ್ಲ, ಏಕೆಂದರೆ ಅವರಿಗೆ ಕೊಟ್ಟಿದ್ದ ಕೆಲಸವೇ ಅದು. ದಯವಿಟ್ಟು ಈ ಲೆಕ್ಕವನ್ನು ಗಮನಿಸಿ. ಸಾಲಿನಲ್ಲಿ ಅರವತ್ತಕ್ಕೂ ಹೆಚ್ಚು ಜನರಿದ್ದರು. ಕಛೇರಿ ಮುಗಿದಾಗ ಒಂಬತ್ತೂ ಮುಕ್ಕಾಲು. ತಾಳಗುಪ್ಪದಿಂದ ಬರುವ ರಾತ್ರಿ ರೈಲಿಗೆ ಕಲಾವಿದರು ಹತ್ತೂಕಾಲರ ಹೊತ್ತಿಗೆ ಸಭಾಂಗಣದಿಂದ ಹೊರಡಬೇಕಿತ್ತು. ವಾದ್ಯವನ್ನು ಪೆಟ್ಟಿಗೆಗೆ ಸೇರಿಸಿ, ಬಟ್ಟೆ ಬದಲಿಸಿ, ಒಂದು ಲೋಟ ನೀರು ಕುಡಿಯಲು ಹತ್ತು ನಿಮಿಷವಾದರೂ ಬೇಕು. ಉಳಿಯುವ ಇಪ್ಪತ್ತು ನಿಮಿಷಗಳನ್ನು ಅರವತ್ತು ಜನರಿಗೆ ಹಂಚಿದರೆ ತಲಾ ಇಪ್ಪತ್ತು ಸೆಕೆಂಡು ಬರುತ್ತದೆ. ಬಂದು ನಿಲ್ಲುವುದು, ಫೋಟೊಗೆ ಅಣಿಯಾಗುವುದು, ಸರಿಯುವುದು ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ರೈಲಿನ ಟಿಕೆಟ್ ಕಾಯ್ದಿರಿಸಿದವರು ಸಂಘಟಕರು, ಪಾಸ್‌ಗಳನ್ನು ಮಾರಿದವರೂ ಸಂಘಟಕರು. ಹಾಗಿರುವಾಗ ಅಲ್ಲಿ ಸಂವಾದ ನಡೆಯಲು ಸಾಧ್ಯವೇ ಇಲ್ಲವೆಂಬುದು ಮೊದಲ ಪಾಸ್ ಮಾರುವ ಮುನ್ನವೇ ಅವರಿಗೆ ತಿಳಿದಿರಲೇಬೇಕು. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಮರುದಿನ ಟಿಕೆಟ್‌ನಲ್ಲಿದ್ದ ಸಂಖ್ಯೆಗೆ ಕರೆ ಮಾಡಿದಾಗ, ಭೇಟಿ ಆಗಿದೆ, ಫೋಟೊ ಕಳುಹಿಸುತ್ತೇವೆ, ಹಣ ಹಿಂತಿರುಗಿಸಲು ಬರುವುದಿಲ್ಲ ಎಂಬ ಉತ್ತರ ದೊರೆಯಿತು. ‘ಆಪ್ತ ಸಂವಾದ’ ಎಂದು ಬರೆದಿದ್ದೀರಲ್ಲ ಎಂದು ಕೇಳಿದ್ದಕ್ಕೆ, ಷರತ್ತುಗಳನ್ನು ಓದಿಕೊಳ್ಳಬೇಕಿತ್ತು ಎಂದರು. ‘ಕಲಾವಿದರ ಲಭ್ಯತೆಗೆ ಒಳಪಟ್ಟು’ ಎಂಬ ಮಾತು ಆ ಷರತ್ತುಗಳಲ್ಲಿ ಇತ್ತು; ಸಂವಾದ ಇಲ್ಲವೆಂಬ ಮಾತು ಎಲ್ಲಿಯೂ ಇರಲಿಲ್ಲ.

ಹಾಗಾದರೆ ಈ ಪಾಸ್ ಕೊಳ್ಳುವುದು ವ್ಯರ್ಥವೇ? ಎಲ್ಲರಿಗೂ ವ್ಯರ್ಥವೆಂದು ನಾನು ಹೇಳಲಾರೆ. ಹಿನ್ನೆಲೆ ಗಾಯಕರ ರಸಸಂಜೆಗೆ ಬರುವ ಅಭಿಮಾನಿಯೊಬ್ಬರಿಗೆ ತಾವು ವರ್ಷಗಟ್ಟಲೆ ಕೇಳಿದ ದನಿಯ ಒಡೆಯರ ಪಕ್ಕ ನಿಂತು ಒಂದು ಚಿತ್ರ ತೆಗೆಸಿಕೊಳ್ಳಬೇಕೆಂಬ ಆಸೆ ಇರುತ್ತದೆ. ಅದು ಗೌರವಿಸಬೇಕಾದ ಆಸೆಯೇ. ದೊರೆಯುವುದು ಒಂದು ಚಿತ್ರ ಮಾತ್ರ ಎಂದು ತಿಳಿದೇ ಹಣ ಕೊಟ್ಟು, ಆ ಚಿತ್ರವನ್ನು ಪಡೆದು ಸಂತೋಷದಿಂದ ಹಿಂತಿರುಗುವವರಿಗೆ ಯಾವ ಅನ್ಯಾಯವೂ ಆಗಿಲ್ಲ. ಆದರೆ ಮಾತನಾಡಬೇಕು, ಕೇಳಬೇಕು, ಕಲಿಯಬೇಕು ಎಂದು ಹೋಗುವವರಿಗೆ ಇಂದಿನ ರೀತಿಯ ಪಾಸ್‌ನಿಂದ ಪ್ರಯೋಜನವಿಲ್ಲ. ನನ್ನನ್ನು ಕೇಳುವ ಪೋಷಕರಿಗೆ, ಆ ಹಣದಲ್ಲಿ ಮಗುವಿಗೆ ಒಳ್ಳೆಯ ತಂತಿಗಳ ಒಂದು ಕಟ್ಟನ್ನು ಕೊಡಿಸಿ, ಉಳಿದದ್ದರಲ್ಲಿ ಇನ್ನೆರಡು ಕಛೇರಿಗಳಿಗೆ ಕರೆದುಕೊಂಡು ಹೋಗಿ ಎಂದೇ ಹೇಳುತ್ತಿದ್ದೇನೆ.

ಇದಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಭೇಟಿಗೆ ಬೆಲೆ ಬಂದ ಕಡೆಗಳಲ್ಲಿ, ಮೊದಲು ಎಲ್ಲರಿಗೂ ಸಹಜವಾಗಿ ಸಿಗುತ್ತಿದ್ದ ಭೇಟಿಯ ಬಾಗಿಲು ಮುಚ್ಚಿಹೋಗಿದೆ. ನಮ್ಮ ಕಡೆ ಕಛೇರಿಯಲ್ಲಿ ಮಂಗಳ ಹಾಡಿದ ಮೇಲೆ ಜನರು ಎದ್ದು ಮನೆಗೆ ಹೋಗುವಷ್ಟೇ ಸಹಜವಾಗಿ ಕೆಲವರು ವೇದಿಕೆಯ ಕಡೆಗೂ ಹೋಗುತ್ತಿದ್ದರು. ತಂಬೂರಿಗೆ ಗವಸು ಹಾಕುತ್ತಿದ್ದವರ ಸುತ್ತ ಮಕ್ಕಳು ನಿಲ್ಲುತ್ತಿದ್ದರು. ಮೃದಂಗದ ಎಡಮುಖಕ್ಕೆ ಮೆತ್ತಿದ ರವೆಯ ಮುದ್ದೆಯನ್ನು ವಾದಕರು ಕೆರೆದು ತೆಗೆಯುವುದನ್ನು ನೋಡಿದ ಮಗು, ಅದನ್ನೇಕೆ ಹಚ್ಚುತ್ತೀರಿ ಎಂದು ಕೇಳಿ, ನಾದ ತಗ್ಗಿ ಗುಮುಕಿ, ಅಂದರೆ ಗುಂಯ್ಗುಡುವ ತಗ್ಗುದನಿ, ಬರಲಿ ಎಂಬ ಉತ್ತರವನ್ನು ಅವರ ಬಾಯಿಂದಲೇ ಪಡೆಯುತ್ತಿತ್ತು. ನನ್ನ ತಲೆಮಾರಿನ ಎಷ್ಟೋ ಮಂದಿ ವಾದ್ಯದ ಅರ್ಧ ವಿದ್ಯೆಯನ್ನು ಪಾಠದ ಚಾಪೆಯ ಮೇಲೆ ಕಲಿತರೆ ಉಳಿದದ್ದನ್ನು ಇಂಥ ಕ್ಷಣಗಳಲ್ಲಿ ಹೆಕ್ಕಿಕೊಂಡಿದ್ದಾರೆ. ಮೊನ್ನೆಯ ಕಾರ್ಯಕ್ರಮದಲ್ಲಿ ಮಂಗಳ ಮುಗಿಯುತ್ತಿದ್ದಂತೆಯೇ ವೇದಿಕೆಯ ಎರಡೂ ಮೆಟ್ಟಿಲುಗಳಿಗೆ ಕಾವಲು ನಿಂತಿತು. ₹450 ಕೊಟ್ಟು ಬಂದ ವೃದ್ಧರೊಬ್ಬರು ಕೈಮುಗಿದು ಹೋಗುತ್ತೇನೆ ಎಂದರೂ ಬಿಡಲಿಲ್ಲ. ಹೊಸ ಸೌಲಭ್ಯವೊಂದನ್ನು ಸೇರಿಸಿ ಅದಕ್ಕೆ ಬೆಲೆ ಕೇಳಿದ್ದರೆ ನನ್ನ ತಕರಾರಿರಲಿಲ್ಲ. ಇದ್ದುದನ್ನು ಕಿತ್ತುಕೊಂಡು ಅದನ್ನೇ ಮಾರುವುದನ್ನು ಒಪ್ಪಲಾಗದು.

ಮಲೆನಾಡಿನವರಿಗೆ ಕಲಾವಿದರ ಹತ್ತಿರ ಹೋಗುವ ರೀತಿಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವುದೇ ಹಳ್ಳಿಯಲ್ಲಿ ಯಕ್ಷಗಾನ ಬಯಲಾಟವಿದ್ದರೆ ಊರಿನವರು ಆಟ ಆರಂಭವಾಗುವ ಮುಂಚೆಯೇ ಕಲಾವಿದರು ವೇಷ ಕಟ್ಟುವ ಚೌಕಿಗೆ ಹೋಗುತ್ತಾರೆ. ಅಲ್ಲಿ ಗಣಪತಿಯ ಪೂಜೆಯಾಗುತ್ತದೆ, ಪ್ರಸಾದ ಸಿಗುತ್ತದೆ. ವೇಷಧಾರಿಗಳು ತಮ್ಮ ತಮ್ಮ ಪೆಟ್ಟಿಗೆಯ ಮುಂದೆ ಕುಳಿತು ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ, ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಬಣ್ಣ ಬರೆಯುವಾಗ ಮಾತನಾಡಿಸಬಾರದು, ಕಿರೀಟವನ್ನು ಮುಟ್ಟಬಾರದು ಎಂಬ ಶಿಸ್ತು ಯಾವ ಕಾವಲುಗಾರನೂ ಇಲ್ಲದೆ ಪಾಲನೆಯಾಗುತ್ತದೆ. ಟಿಕೆಟ್ ಇಟ್ಟು ಆಟವಾಡುವ ಡೇರೆ ಮೇಳಗಳು ಬಂದಾಗಲೂ ಹಣ ಕೊಟ್ಟದ್ದು ಆಟ ನೋಡುವುದಕ್ಕೆ. ಪರಿಚಯದ ಕಲಾವಿದರನ್ನು ಕಂಡು ನಾಲ್ಕು ಮಾತನಾಡುವುದಕ್ಕೆ ಬೇರೆ ದರಪಟ್ಟಿ ಇರಲಿಲ್ಲ. ಕಲಾವಿದರ ಗೌರವಕ್ಕೆ ಇದರಿಂದ ಕುಂದು ಬಂದದ್ದನ್ನೂ ನಾನು ಕಂಡಿಲ್ಲ.

ನಿಮ್ಮ ಕಷ್ಟಗಳೂ ನನಗೆ ತಿಳಿಯದೆ ಇಲ್ಲ. ಸಭಾಂಗಣದ ಬಾಡಿಗೆ, ಧ್ವನಿ ಮತ್ತು ಬೆಳಕಿನ ವ್ಯವಸ್ಥೆ, ಕಲಾವಿದರ ಸಂಭಾವನೆ, ಪ್ರಯಾಣ, ವಸತಿ ಎಲ್ಲವೂ ಏರುತ್ತಲೇ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಮೈದಾನದಲ್ಲಿ ಕಾರ್ಯಕ್ರಮ ಮಾಡುವ ಮಾತೇ ಇಲ್ಲ. ಕೊಡಬಲ್ಲ ಕೆಲವರಿಂದ ಹೆಚ್ಚು ಪಡೆದು ಉಳಿದವರ ಟಿಕೆಟ್‌ನ ದರವನ್ನು ಕೈಗೆಟುಕುವಂತೆ ಇಡುತ್ತೇವೆ ಎಂದು ನೀವು ಹೇಳಿದರೆ ಅದರಲ್ಲಿ ನ್ಯಾಯವಿದೆ. ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ತಲಾ ₹500ರವರೆಗೆ ಜಿಎಸ್‌ಟಿ ವಿನಾಯಿತಿ ಇದ್ದು, ಅದನ್ನು ಮೀರಿದರೆ ಶೇ 18ರಷ್ಟು ತೆರಿಗೆ ಬೀಳುವುದರಿಂದ ಸಾಮಾನ್ಯ ಟಿಕೆಟ್ಟನ್ನು ಆ ಮಿತಿಯೊಳಗೇ ಇಡುವ ಒತ್ತಡವೂ ನಿಮಗಿರುತ್ತದೆ. ಆದರೆ ಈ ವಾದ ನಿಲ್ಲಬೇಕಾದರೆ ಹೆಚ್ಚು ಕೊಟ್ಟವರಿಗೆ ಹೇಳಿದ್ದನ್ನು ಕೊಟ್ಟಿರಬೇಕು. ಮುಂದಿನ ಸಾಲಿನ ಕುರ್ಚಿಯನ್ನು ಹೆಚ್ಚಿನ ದರಕ್ಕೆ ಮಾರಿ, ಯಾರೂ ಬೇಡವೆನ್ನುವುದಿಲ್ಲ. ಅಲ್ಲಿ ಕೊಂಡದ್ದು ಏನೆಂಬುದು ಕಣ್ಣಿಗೆ ಕಾಣುತ್ತದೆ.

ಕಲಾವಿದರ ಕಡೆಯಿಂದಲೂ ಯೋಚಿಸಬೇಕು. ಎರಡೂವರೆ ಮೂರು ಗಂಟೆ ಹಾಡಿದ ಕಂಠಕ್ಕೆ ಆಗ ಬೇಕಾದದ್ದು ವಿಶ್ರಾಂತಿ. ಗದ್ದಲದ ಓಣಿಯಲ್ಲಿ ದನಿ ಎತ್ತಿ ಹತ್ತಾರು ಜನರೊಂದಿಗೆ ಮಾತನಾಡುವುದು ಗಾಯಕರಿಗೆ ಹಾಡುವುದಕ್ಕಿಂತ ಹೆಚ್ಚಿನ ಆಯಾಸ ತರುತ್ತದೆ. ನೆಗಡಿ, ಕೆಮ್ಮು ಇರುವವರ ಪಕ್ಕದಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರೆ ಮುಂದಿನ ವಾರದ ಕಛೇರಿಯೇ ಕೈತಪ್ಪಬಹುದು. ಆದ್ದರಿಂದ ಭೇಟಿಯನ್ನು ನಿರಾಕರಿಸುವ ಹಕ್ಕು ಅವರಿಗೆ ಪೂರ್ಣವಾಗಿ ಇದೆ, ಅದನ್ನು ರಸಿಕರು ಬೇಸರವಿಲ್ಲದೆ ಒಪ್ಪಬೇಕು. ತಮ್ಮ ಸಮಯವನ್ನು ಯಾವ ದರಕ್ಕೆ, ಎಷ್ಟು ಜನರಿಗೆ, ಯಾವ ಮಾತು ಕೊಟ್ಟು ಮಾರಲಾಗಿದೆ ಎಂಬುದು ಅವರಿಗೆ ಮೊದಲೇ ತಿಳಿದಿರಬೇಕು, ಬಂದ ಹಣದಲ್ಲಿ ಪಾಲೂ ಇರಬೇಕು, ಪಕ್ಕವಾದ್ಯದವರನ್ನೂ ಮರೆಯಬಾರದು. ಆ ರಾತ್ರಿ ಮೃದಂಗ ಮತ್ತು ಘಟ ನುಡಿಸಿದ ಇಬ್ಬರು ವಿದ್ವಾಂಸರು ಅದೇ ಓಣಿಯ ಇನ್ನೊಂದು ತುದಿಯಲ್ಲಿ ತಮ್ಮ ಸಾಮಾನುಗಳೊಂದಿಗೆ ಸುಮ್ಮನೆ ನಿಂತಿದ್ದರು, ಅವರೊಂದಿಗೆ ಒಬ್ಬರೂ ಮಾತನಾಡಲಿಲ್ಲ.

ಶುಲ್ಕ ಪಡೆದೇ ಒಳ್ಳೆಯ ಭೇಟಿಯನ್ನು ಏರ್ಪಡಿಸಲು ಸಾಧ್ಯವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದಾರಿ ಇದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ರಂಗಸಂಸ್ಥೆ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರಕ್ಕೆ ಜನರು ಶುಲ್ಕ ಕೊಟ್ಟೇ ಸೇರಿದ್ದಾರೆ. ಅಲ್ಲಿ ಸಂಜೆ ಪ್ರದರ್ಶನ ನೋಡಿದವರು ಮರುದಿನ ಕುಳಿತು ಅದರ ಬಗ್ಗೆ ಚರ್ಚಿಸುತ್ತಿದ್ದರು, ಮಾಡಿದವರನ್ನೇ ನೇರವಾಗಿ ಪ್ರಶ್ನಿಸುತ್ತಿದ್ದರು, ಊಟದ ಸಾಲಿನಲ್ಲಿಯೂ ಮಾತು ಮುಂದುವರಿಯುತ್ತಿತ್ತು. ಕೊಟ್ಟ ಹಣಕ್ಕೆ ದೊರೆಯುತ್ತಿದ್ದುದು ಹೊತ್ತು ಮತ್ತು ಮಾತು. ಕಛೇರಿಯ ಮರುದಿನ ಬೆಳಿಗ್ಗೆ ಹತ್ತು ಹದಿನೈದು ಜನರನ್ನು ಕೂರಿಸಿಕೊಂಡು ಕಲಾವಿದರು ಒಂದು ಗಂಟೆ ಪ್ರಾತ್ಯಕ್ಷಿಕೆ ಕೊಡುವಂತಿದ್ದರೆ ₹2,000 ಕೊಡಿ ಎಂದು ನಾನೇ ಪೋಷಕರಿಗೆ ಹೇಳುತ್ತೇನೆ.

ಕಾನೂನಿನ ಮಾತನ್ನೂ ಹೇಳಲೇಬೇಕಾಗಿದೆ. ದಾರಿ ತಪ್ಪಿಸುವ ಜಾಹೀರಾತು ಮತ್ತು ಸೇವಾ ನ್ಯೂನತೆ ಎರಡೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ವ್ಯಾಪ್ತಿಗೆ ಬರುತ್ತವೆ. ಬೆಲೆಯನ್ನು ಹಂತಹಂತವಾಗಿ ಏರಿಸುತ್ತ ಹೋಗಿ ಪೂರ್ತಿ ಮೊತ್ತವನ್ನು ಕೊನೆಯಲ್ಲಿ ತೋರಿಸುವುದು, ಇಲ್ಲದ ಅವಸರವನ್ನು ಹುಟ್ಟಿಸಿ ಕೊಳ್ಳುವಂತೆ ಮಾಡುವುದು, ಇವೆರಡನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಹೆಸರಿಸಿಯೇ ನಿಷೇಧಿಸಿದೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಯಾರು ಬೇಕಾದರೂ ದೂರು ಹೇಳಬಹುದು, ಮತ್ತು ₹5 ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ದಾಖಲಿಸಬಹುದು. ಆ ಹಾದಿ ಹಿಡಿಯುವ ಇಚ್ಛೆ ನನಗಿಲ್ಲ. ನಮ್ಮ ಊರಿನಲ್ಲಿ ಸಂಗೀತ ನಡೆಸುವವರೇ ಬೆರಳೆಣಿಕೆಯಷ್ಟಿದ್ದಾರೆ, ಅವರು ಉಳಿಯಬೇಕು. ಆದರೆ ಪಾಸ್ ಕೊಂಡವರಿಗೆ ಈ ಹಕ್ಕುಗಳು ತಿಳಿದಿರಲಿ, ಮಾರುವವರಿಗೂ ತಿಳಿದಿರಲಿ.

ನನ್ನ ಕೋರಿಕೆಗಳು ಇವು. ಭೇಟಿಯ ಪಾಸ್ ಮಾರುವುದಾದರೆ ಒಟ್ಟು ಎಷ್ಟು ಪಾಸ್‌ಗಳು, ಒಬ್ಬೊಬ್ಬರಿಗೆ ಎಷ್ಟು ಸಮಯ, ಫೋಟೊ ಮಾತ್ರವೋ ಮಾತಿಗೂ ಅವಕಾಶವೋ, ಕಛೇರಿಗೆ ಮೊದಲೋ ನಂತರವೋ ಎಂಬುದನ್ನು ಪ್ರಕಟಣೆಯಲ್ಲಿಯೇ ಕನ್ನಡದಲ್ಲಿ ಬರೆಯಿರಿ. ಫೋಟೊ ಮಾತ್ರವೆಂದಾದರೆ ಫೋಟೊ ಎಂದೇ ಬರೆಯಿರಿ, ಸಂವಾದ ಎಂಬ ಮಾತನ್ನು ಬಳಸಬೇಡಿ. ತೆರಿಗೆ, ಶುಲ್ಕ ಎಲ್ಲವನ್ನೂ ಸೇರಿಸಿದ ಮೊತ್ತವನ್ನು ಮೊದಲ ಪರದೆಯಲ್ಲಿಯೇ ತೋರಿಸಿ. ಯಾವುದೇ ಕಾರಣದಿಂದ ಭೇಟಿ ನಡೆಯದಿದ್ದರೆ, ಕೊಂಡವರು ಬೆನ್ನು ಹತ್ತುವವರೆಗೆ ಕಾಯದೆ, ಟಿಕೆಟ್‌ನ ದರವನ್ನು ಕಳೆದು ಉಳಿದ ಹಣವನ್ನು ಹಿಂತಿರುಗಿಸಿ. ಪಾಸ್ ಇರಲಿ ಬಿಡಲಿ, ಕಲಾವಿದರು ಒಪ್ಪಿದ ದಿನಗಳಲ್ಲಿ ಕಛೇರಿಯ ನಂತರ ಹತ್ತು ನಿಮಿಷವಾದರೂ ವೇದಿಕೆಯ ಮುಂಭಾಗ ಎಲ್ಲರಿಗೂ ತೆರೆದಿರಲಿ. ಹೊರಗಿನಿಂದ ಬರುವ ಕಲಾವಿದರನ್ನು ಸಾಧ್ಯವಾದಾಗಲೆಲ್ಲ ಆ ರಾತ್ರಿಯೇ ರೈಲು ಹತ್ತಿಸದೆ ಒಂದು ದಿನ ಉಳಿಸಿಕೊಂಡು, ಸಂಗೀತ ಕಲಿಯುವ ಮಕ್ಕಳಿಗೆ ಬೆಳಿಗ್ಗೆ ಉಚಿತ ಪ್ರಾತ್ಯಕ್ಷಿಕೆ ಏರ್ಪಡಿಸಿ. 1977ರಲ್ಲಿ ಆರಂಭವಾದ ಸ್ಪಿಕ್ ಮೆಕೆ ಎಂಬ ಸಂಸ್ಥೆ ದೇಶದ ಹಿರಿಯ ಕಲಾವಿದರನ್ನು ಶಾಲಾ ಕಾಲೇಜುಗಳಿಗೆ ಹೀಗೆಯೇ ಕರೆದೊಯ್ಯುತ್ತ ಬಂದಿದೆ. ಮಕ್ಕಳ ಮುಂದೆ ಕೂರಲು ಹಿರಿಯ ಕಲಾವಿದರು ಹಿಂಜರಿಯುವುದಿಲ್ಲ ಎಂಬುದಕ್ಕೆ ಆ ಅನುಭವವೇ ಸಾಕು. ವಸತಿ, ಉಪಾಹಾರಗಳ ವೆಚ್ಚದಲ್ಲಿ ನಗರದ ಸಂಗೀತ ಶಾಲೆಗಳೂ ಪಾಲು ಹಾಕಬಲ್ಲವು. ನನ್ನ ಪಾಲನ್ನು ಕೊಡಲು ನಾನು ಸಿದ್ಧಳಿದ್ದೇನೆ, ಮಕ್ಕಳನ್ನು ಕೂಡಿಸುವ ಹೊಣೆಯನ್ನೂ ಹೊರುತ್ತೇನೆ.

ಸರ್ಕಾರಿ ರಂಗಮಂದಿರಗಳನ್ನು ಬಾಡಿಗೆಗೆ ಕೊಡುವ ಅಧಿಕಾರಿಗಳಲ್ಲಿಯೂ ಒಂದು ವಿನಂತಿ. ಅವು ಸಾರ್ವಜನಿಕರ ಹಣದಲ್ಲಿ ಕಟ್ಟಿದ ಕಟ್ಟಡಗಳು. ಅಲ್ಲಿ ಭೇಟಿಯ ಪಾಸ್ ಮಾರುವ ಕಾರ್ಯಕ್ರಮಗಳಿಗೆ ಅನುಮತಿ ನೀಡುವಾಗ, ಮೇಲೆ ಹೇಳಿದ ವಿವರಗಳನ್ನು ಪ್ರಕಟಿಸುವುದು ಮತ್ತು ಭೇಟಿ ತಪ್ಪಿದರೆ ಹಣ ಹಿಂತಿರುಗಿಸುವುದು ಕಡ್ಡಾಯವೆಂಬ ಷರತ್ತನ್ನು ಬಾಡಿಗೆಯ ಕರಾರಿನಲ್ಲಿಯೇ ಸೇರಿಸಬೇಕು.

ಮಳೆಗಾಲ ಕಳೆದು ನವರಾತ್ರಿಯ ಹೊತ್ತಿಗೆ ಕಾರ್ಯಕ್ರಮಗಳ ಸಾಲು ಮತ್ತೆ ಆರಂಭವಾಗುತ್ತದೆ. ಅವುಗಳ ಟಿಕೆಟ್ ಪ್ರಕಟಣೆಗೆ ಮುನ್ನ ಈ ಕೋರಿಕೆಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದು ಸಾಧ್ಯವಿಲ್ಲ, ಏಕೆ ಸಾಧ್ಯವಿಲ್ಲ ಎಂಬುದನ್ನು ಬಹಿರಂಗವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಾದರೂ ಕುಳಿತು ಮಾತನಾಡೋಣವೆಂದು ಕರೆದರೆ ನಗರದ ಇತರ ಸಂಗೀತ ಶಿಕ್ಷಕರೊಂದಿಗೆ ಬರುತ್ತೇನೆ.

ಇಂತಿ ವಿಶ್ವಾಸದ,
ಪಿಟೀಲು ಶಿಕ್ಷಕಿ
ಶಿವಮೊಗ್ಗ